ಊರವರನ್ನು ಕಟ್ಟುವುದು ಹೇಗೆ? ಫ್ಯಾಂಟಸಿ ಆಟದ ಎನ್‌ಪಿಸಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ನಮ್ಮ ಮನೆಯಲ್ಲಿ ಭಾನುವಾರ ಊಟ ಮುಗಿದ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಪೂರ್ತಿ ಕನ್ನಡದಲ್ಲಿ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ, ದಾಳ ಹಾಕುತ್ತ ಕತೆ ಕಟ್ಟುವ ಆಟ ಇದು. ಇಬ್ಬರು ಗುಬ್ಬಿಯಿಂದ ರೈಲಿನಲ್ಲಿ ಬರುತ್ತಾರೆ. ಒಬ್ಬಳು ಶಿಡ್ಲಘಟ್ಟದ ಕಡೆಯವಳು, ಇಲ್ಲಿ ಕೆಲಸದಲ್ಲಿದ್ದಾಳೆ. ಆಟ ನಡೆಸುವುದು ನಾನು. ನಮ್ಮ ಕತೆ ನಡೆಯುವುದು ಕರಿಬಂಡೆ ಸೀಮೆ ಎಂಬ ಕಲ್ಪನೆಯ ನಾಡಿನಲ್ಲಿ. ಮಧುಗಿರಿಯ ಒಂದೇ ಕಲ್ಲಿನ ಬೆಟ್ಟ, ಅದರ ಮೈಗೆ ಅಂಟಿಕೊಂಡಂತೆ ಏರುವ ಕೋಟೆ, ಇವನ್ನು ನೋಡಿದವರಿಗೆ ಆ ನಾಡು ಎಲ್ಲಿಂದ ಬಂತು ಎಂದು ಹೇಳಬೇಕಾಗಿಲ್ಲ. ಹೊಸದಾಗಿ ಆಟ ಶುರು ಮಾಡುವವರು ಎದುರು ಸಿಕ್ಕಾಗ, ಕಾಗದ ಬರೆದಾಗ, ಆಟ ನೋಡಲು ಬಂದು ಕೂತಾಗ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೂಡಿಸಿದ್ದೇನೆ.

## ಶುರು ಮಾಡುವವರಿಗೆ

ಈ ಎನ್‌ಪಿಸಿ ಅಂದ್ರೆ ಯಾರಣ್ಣ? ಎಲ್ಲ ಪಾತ್ರನೂ ಆಟ ನಡೆಸೋರೇ ಮಾಡ್ಬೇಕಾ?

ಎನ್‌ಪಿಸಿ ಅಂದರೆ ನಾನ್-ಪ್ಲೇಯರ್ ಕ್ಯಾರೆಕ್ಟರ್, ಆಟಗಾರರು ಆಡದ ಪಾತ್ರ. ಅವರನ್ನೆಲ್ಲ ಆಟ ನಡೆಸುವವರೇ ಮಾಡಬೇಕು. ಒಬ್ಬ ಆಟಗಾರನಿಗೆ ಒಂದು ಪಾತ್ರ: ಕತ್ತಿ ಹಿಡಿದವಳು, ಮಂತ್ರ ಕಲಿತವನು, ಹೀಗೆ. ಅವರಿಗೆ ಎದುರಾಗುವ ಮಿಕ್ಕೆಲ್ಲರೂ, ಕೋಟೆ ಬಾಗಿಲ ಕಾವಲಿನವನಿಂದ ಹಿಡಿದು ಛತ್ರದ ಅಡುಗೆಯವಳವರೆಗೆ, ಎನ್‌ಪಿಸಿಗಳು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟ ಹೊರತಂದ ದಿನದಿಂದಲೂ ಅವರ ಬಾಯಿ ಆಟ ನಡೆಸುವವರದ್ದೇ. ನಮ್ಮ ಮೇಜಿನಲ್ಲಿ ಅವರನ್ನು 'ಊರವರು' ಎನ್ನುತ್ತೇವೆ. ಎನ್‌ಪಿಸಿ ಎಂದಾಗ ಕಾಗದದ ಮೇಲಿನ ಅಂಕಿ ಕಣ್ಣಿಗೆ ಬರುತ್ತದೆ, ಊರವರು ಎಂದಾಗ ಜಗಲಿ ಮೇಲೆ ಕೂತ ಜನ ಕಾಣುತ್ತಾರೆ.

ಒಬ್ಬೊಬ್ಬರಿಗೆ ಎಷ್ಟು ಬರ್ದಿಟ್ಕೋಬೇಕು? ನಾನು ಮೂರು ಪುಟ ಬರೀತೀನಿ, ಆಟದಲ್ಲಿ ಒಂದು ಸಾಲೂ ಉಪಯೋಗಕ್ಕೆ ಬರಲ್ಲ.

ಮೂರು ಪುಟದಲ್ಲಿ ನೀವು ಬರೆದಿರುವುದು ಆ ಪಾತ್ರದ ನಿನ್ನೆ ಮೊನ್ನೆ. ಆಟಗಾರರು ಅವಳ ಮನೆಗೆ ಹೋಗುವುದು ಇವತ್ತು. ಆದ್ದರಿಂದ ಮೊದಲು ಬರೆಯಬೇಕಾದದ್ದು ಒಂದೇ: ಇವತ್ತು ಅವಳಿಗೆ ಯಾವ ಕೆಲಸದ ತುರ್ತು ಇದೆ?

ನಮ್ಮ ಆಟದಲ್ಲಿ ನಂಜಮ್ಮ ಎಂಬ ರೇಷ್ಮೆ ಸಾಕುವ ಹೆಂಗಸು ಇದ್ದಾಳೆ. ಬೆಟ್ಟದೊಳಗಿನ ಹಳೇ ಸುರಂಗದ ದಾರಿ ಗೊತ್ತಿರುವುದು ಅವಳೊಬ್ಬಳಿಗೆ. ಮೊದಲು ನಾನು ಅವಳ ಬಾಲ್ಯ, ಮದುವೆ, ಗಂಡ ತೀರಿಕೊಂಡದ್ದು ಎಲ್ಲವನ್ನೂ ಬರೆದಿದ್ದೆ. ಆಟದ ಹಿಂದಿನ ರಾತ್ರಿ ಅದನ್ನೆಲ್ಲ ಪಕ್ಕಕ್ಕಿಟ್ಟು ಒಂದು ಸಾಲು ಬರೆದೆ: 'ಇವತ್ತು ಹುಳ ಹಣ್ಣಾಗಿವೆ.' ರೇಷ್ಮೆ ಕಂಡವರಿಗೆ ಇದರ ಅರ್ಥ ಗೊತ್ತು. ನಾಲ್ಕು ಜ್ವರ ಎದ್ದ, ಅಂದರೆ ನಾಲ್ಕು ಸಲ ಪೊರೆ ಬಿಟ್ಟ ಹುಳ ವಾರದ ಮೇಲೆ ಸೊಪ್ಪು ಬಿಡುತ್ತದೆ, ಮೈ ಬೆಳಕಿಗೆ ಹಿಡಿದರೆ ತಿಳಿಯಾಗಿ ಕಾಣುತ್ತದೆ, ತಲೆ ಎತ್ತಿ ಎಳೆ ಬಿಡಲು ಜಾಗ ಹುಡುಕುತ್ತದೆ. ಆಗ ಅವನ್ನು ಒಂದೊಂದೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ಚಾಪೆಗೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಎಳೆ ಸುತ್ತಿ ಹಾಳಾಗುತ್ತದೆ. ಅವತ್ತು ಮನೆಗೆ ನೆಂಟರು ಬಂದರೂ ಕೂರಿಸಿ ಮಾತಾಡಿಸಲು ಪುರುಸೊತ್ತಿರುವುದಿಲ್ಲ.

ಆಟಗಾರರು ಬಂದು ಸುರಂಗದ ಮಾತು ಎತ್ತಿದರು. ನಂಜಮ್ಮ ತಲೆ ಎತ್ತಲಿಲ್ಲ. 'ಕೇಳೋದಿದ್ರೆ ಕೂತ್ಕೊಂಡು ಹುಳ ಆಯ್ತಾ ಕೇಳಿ ಸಾಮಿ. ನಿಂತ್ಕೊಂಡು ಕೇಳೋರಿಗೆ ನನ್ನತ್ರ ಟೈಮಿಲ್ಲ' ಅಂದಳು. ಕತ್ತಿ ಬಿಚ್ಚಿಟ್ಟು ನಾಲ್ವರೂ ಕೂತರು. ಶಿಡ್ಲಘಟ್ಟದ ಹುಡುಗಿ ಮಿಕ್ಕವರಿಗೆ ಹುಳ ಹಿಡಿಯುವುದು ಹೇಗೆಂದು ತಾನೇ ಹೇಳಿಕೊಟ್ಟಳು, ಬೆರಳಿಂದ ಒತ್ತಬೇಡಿ, ಅಂಗೈ ಕೊಡಿ ಅಂತ. ಮುಕ್ಕಾಲು ಗಂಟೆ ಆ ಮನೆಯಲ್ಲೇ ಕಳೆಯಿತು. ಬಾಲ್ಯದ ಕತೆ ಯಾರೂ ಕೇಳಲಿಲ್ಲ, ನಂಜಮ್ಮನನ್ನು ಯಾರೂ ಮರೆಯಲೂ ಇಲ್ಲ.

ತುರ್ತಿನ ಜತೆಗೆ ಇನ್ನೆರಡು ಸಾಲು ಸಾಕು: ಅವಳಿಗೆ ಏನು ಗೊತ್ತು, ಏನನ್ನು ಬಾಯಿ ಬಿಡುವುದಿಲ್ಲ.

ಹೆಸರಿಡೋದೇ ಕಷ್ಟ. ಪರದೇಶದ ಹೆಸರು ನಾಲಿಗೆಗೆ ಹೊರಳಲ್ಲ, ನಮ್ಮ ಹೆಸರಿಟ್ರೆ ಫ್ಯಾಂಟಸಿ ಅನ್ಸಲ್ಲ.

ನಮ್ಮ ಹೆಸರೇ ಇಡಿ. ಎರಡು ವಾರದಲ್ಲಿ ಆ 'ಅನ್ಸಲ್ಲ' ಹೋಗುತ್ತದೆ. ಹೆಸರು ಊರಿನ ದಿಕ್ಕನ್ನೂ ಹೇಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮುನಿಯಪ್ಪ, ಮುನಿರತ್ನಮ್ಮ, ವೆಂಕಟರವಣಪ್ಪ ಜಾಸ್ತಿ. ಶಿರಾ ಕಡೆ ಜುಂಜಪ್ಪ, ತುಮಕೂರಿನ ಸುತ್ತ ಸಿದ್ದಗಂಗಮ್ಮ, ಲಿಂಗಣ್ಣ. ನಿಮ್ಮ ಕಲ್ಪನೆಯ ನಾಡಿಗೂ ಹೀಗೆ ಎರಡು ಮೂರು ಸೀಮೆ ಮಾಡಿಕೊಂಡು ಸೀಮೆಗೊಂದು ಹೆಸರಿನ ಜಾಡು ಇಟ್ಟುಕೊಳ್ಳಿ. ಒಂದೇ ಊರಿನಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಎರಡು ಹೆಸರು ಮಾತ್ರ ಬೇಡ. ರಂಗಪ್ಪ ಯಾರು, ರಾಮಪ್ಪ ಯಾರು ಎಂದು ಮೂರನೇ ವಾರಕ್ಕೆ ಎಲ್ಲರೂ ಕೇಳುತ್ತಾರೆ.

ಹೆಸರು, ಕಸುಬು ಅಂದ ತಕ್ಷಣ ಜಾತಿ ಬಂದ್ಬಿಡುತ್ತಲ್ಲ?

ಬರುತ್ತದೆ, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಕಡೆ ಕಸುಬು ಎಂದರೆ ಕೇಳುವವರ ಮನಸ್ಸಿನಲ್ಲಿ ಒಂದು ಕೇರಿ ಕಾಣುತ್ತದೆ. ನಮ್ಮ ಮೇಜಿನಲ್ಲಿ ಎರಡು ಕಟ್ಟುಪಾಡು ಇದೆ. ಕಳ್ಳ, ಮೋಸಗಾರ, ಕೊಳಕ ಎಂಬ ಪಾತ್ರಕ್ಕೆ ಯಾವ ಸಮುದಾಯದ ಗುರುತೂ ಅಂಟದಂತೆ ನೋಡಿಕೊಳ್ಳುತ್ತೇನೆ. ಕೆಳಗಿನವರೆಂದು ಊರು ಕೂರಿಸಿದ ಜಾಗದಲ್ಲಿರುವ ಪಾತ್ರ ಕತೆಗೆ ಬಂದರೆ, ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಅವರಿಗೆ ಗೊತ್ತಿರುತ್ತದೆ. ಕೆಳಗೆ ಬರುವ ನೀರಗಂಟಿ ಹಾಗೆ ಹುಟ್ಟಿದವನು. ಆಡುವವರಲ್ಲಿ ಯಾರಿಗಾದರೂ ಮನೆಯಲ್ಲಿ ಅನುಭವಿಸಿದ ನೋವು ಮೇಜಿನ ಮೇಲೂ ಎದುರಾಗುವಂತಿದ್ದರೆ ಆ ದೃಶ್ಯವನ್ನೇ ಕೈಬಿಡಿ. ಮೊದಲ ದಿನವೇ ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿ, ಯಾವುದು ಬೇಡ ಅಂತ.

## ಮಾತು ಮತ್ತು ನಡವಳಿಕೆ

ನನಗೆ ಆಕ್ಟಿಂಗ್ ಬರಲ್ಲ. ದನಿ ಬದಲಾಯಿಸೋಕೆ ನಾಚಿಕೆ.

ಬದಲಾಯಿಸಬೇಡಿ. 'ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಇಲ್ಲ ಅಂದ' ಎಂದು ಕತೆ ಹೇಳುವ ಹಾಗೆ ಹೇಳಿದರೂ ಆಟ ನಡೆಯುತ್ತದೆ. ನಾನು ಅರ್ಧದಷ್ಟು ಪಾತ್ರಗಳನ್ನು ಹಾಗೇ ನಡೆಸುತ್ತೇನೆ.

ಕನ್ನಡದಲ್ಲಿ ಆಡಿದ್ರೆ ಪೌರಾಣಿಕ ನಾಟಕದ ಥರ ಆಗ್ಬಿಡುತ್ತೆ. 'ಎಲೈ ದ್ವಾರಪಾಲಕನೇ' ಅಂತ ಶುರು ಮಾಡ್ತಾರೆ. ಏನ್ಮಾಡೋದು?

ನಾಟಕದ ಭಾಷೆ ನಮ್ಮ ನೆಲದ ಆಸ್ತಿ. ಗುಬ್ಬಿ ವೀರಣ್ಣನವರ ಕಂಪನಿ ಹುಟ್ಟಿ ಬೆಳೆದ ಜಿಲ್ಲೆಯಲ್ಲಿ ಕೂತು ಅದನ್ನು ಬೇಡ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಎಲ್ಲರೂ ಆ ಭಾಷೆ ಆಡಿದರೆ ಯಾರೂ ಎದ್ದು ಕಾಣುವುದಿಲ್ಲ. ನಾನು ಅದನ್ನು ಒಂದೇ ಪಾತ್ರಕ್ಕೆ ಎತ್ತಿಟ್ಟಿದ್ದೇನೆ: ಸುರಂಗದಲ್ಲಿ ಮುನ್ನೂರು ವರ್ಷದಿಂದ ಕಾವಲಿರುವ ಸತ್ತ ದಳವಾಯಿಗೆ. ಅವನು 'ತಾವಾರು?' ಎಂದಾಗ ಕೋಣೆಯಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಅಲ್ಲಿಯವರೆಗೆ ಮಿಕ್ಕವರೆಲ್ಲ ಆಡುಮಾತು ಆಡಿದ್ದರಿಂದ ಅದು ಹಾಗಾಯಿತು.

ಮಿಕ್ಕವರಿಗೆ ನಮ್ಮ ಕರೆಯುವ ಮಾತುಗಳೇ ಬೇಕಾದಷ್ಟಾಯಿತು. ಕನ್ನಡದಲ್ಲಿ ಬಾಯಿ ತೆರೆದರೆ ಸಾಕು, ಎದುರಿನವರನ್ನು ಎಲ್ಲಿ ಕೂರಿಸಿದ್ದೀರಿ ಎಂಬುದು ಗೊತ್ತಾಗಿಬಿಡುತ್ತದೆ. ನೀನು, ನೀವು, ತಾವು. ಅಣ್ಣ, ಯಜಮಾನ್ರೆ, ಗೌಡ್ರೆ, ಬುದ್ಧಿ, ಸಾಮಿ. ಕಣಮ್ಮ, ಕಣಯ್ಯ, ಕಣ್ಲಾ. ಒಂದು ಪಾತ್ರ ಬರೆಯುವಾಗ ಅವರು ಆಟಗಾರರನ್ನು ಏನೆಂದು ಕರೆಯುತ್ತಾರೆ ಎಂದು ಪಕ್ಕದಲ್ಲಿ ಒಂದು ಪದ ಬರೆದುಕೊಳ್ಳಿ. ಆಮೇಲೆ, ಏನು ನಡೆದರೆ ಆ ಪದ ಬದಲಾಗುತ್ತದೆ ಎಂದೂ ಬರೆಯಿರಿ.

ಕೋಟೆ ಬಾಗಿಲಲ್ಲಿ ನಿಂತ ಕಾವಲಿನವನು ಮೊದಲು 'ಯಾರಯ್ಯ ನೀನು, ಈ ಹೊತ್ನಲ್ಲಿ?' ಎಂದ. ಆಟಗಾರ ಅರಮನೆಯ ಮುದ್ರೆ ತೋರಿಸಿದ. 'ತಪ್ಪಾಯ್ತು ಬುದ್ಧಿ' ಎಂದು ಬಾಗಿಲು ತೆಗೆದ. ಅದೇ ಕಾವಲಿನವನ ಮಗುವನ್ನು ಜ್ವರದಿಂದ ಉಳಿಸಿದ ಮೇಲೆ, ಮುಂದಿನ ಸಲ 'ಬಾರಣ್ಣ, ಊಟ ಆಯ್ತಾ?' ಎಂದ. ಅಯ್ಯ, ಬುದ್ಧಿ, ಅಣ್ಣ: ಮೂರು ಪದದಲ್ಲಿ ಮೂರು ವಾರದ ಕತೆ ಇದೆ. ಅವನು ಸಂತೋಷಪಟ್ಟ, ಕೃತಜ್ಞನಾದ ಎಂದೆಲ್ಲ ನಾನು ಹೇಳಲೇ ಇಲ್ಲ. 'ಬಾರಣ್ಣ' ಕೇಳಿ ಆಟಗಾರನ ಮುಖ ಅರಳಿದ್ದನ್ನು ನೋಡಿ ನನಗೂ ಕಣ್ಣು ತುಂಬಿತ್ತು.

ಇನ್ನೊಂದು ದಾರಿ ಮೂಡಲಪಾಯದಿಂದ ಬಂದದ್ದು. ಬಯಲಾಟದಲ್ಲಿ ರಂಗಕ್ಕೆ ಬಂದ ವೇಷಕ್ಕೆ 'ನೀವು ಯಾರು, ಯಾವ ಊರು, ಬಂದ ಕಾರಣವೇನು' ಎಂದು ಕೇಳಿ ಹೇಳಿಸುತ್ತಾರೆ. ಮೇಜಿನ ಮೇಲೆ ಅದನ್ನು ಊರವರ ಬಾಯಿಗೆ ಕೊಡಿ. ಹಳ್ಳಿಯಲ್ಲಿ ಅಪರಿಚಿತನಿಗೆ ಮೊದಲು ಸಿಗುವುದು ಪ್ರಶ್ನೆಯೇ: 'ಯಾವೂರಾಯ್ತು? ಯಾರ ಮನೇಗ್ ಬಂದ್ರಿ?' ಉತ್ತರ ಕೊಡಲು ಹೋಗಿ ಆಟಗಾರ ತನ್ನ ಪಾತ್ರದ ಊರು ಮನೆ ಕಟ್ಟುತ್ತಾನೆ, ನಿಮಗೆ ಮಾತಾಡುವ ಭಾರ ಅರ್ಧ ಇಳಿಯುತ್ತದೆ.

ಕೋಲಾರದ ಕಡೆ ತೆಲುಗು ಬೆರೆಸಿ ಮಾತಾಡ್ತಾರೆ, ಕೆಜಿಎಫ್ ಅಂದ್ರೆ ತಮಿಳು. ಅದನ್ನ ಪಾತ್ರಕ್ಕೆ ತರಬಹುದಾ?

ನಿಮಗೆ ಆ ಮಾತು ಮನೆಯಿಂದ ಬಂದಿದ್ದರೆ ಖಂಡಿತ ತನ್ನಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಲ್ಲಿ ಮನೆಯೊಳಗೆ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು ಎಂಬುದು ದಿನನಿತ್ಯದ ಬದುಕು. ಆಟದಲ್ಲಿ ಕುಬ್ಜರು ಗಣಿಯೊಳಗೆ ತಮ್ಮ ಮಾತು ಆಡಿ, ಮೇಲೆ ಬಂದಾಗ ನಮ್ಮ ಮಾತಿಗೆ ಹೊರಳುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಊರು ನಮ್ಮ ಪಕ್ಕದಲ್ಲೇ ಇದೆ. ಗಣಿ ನಿಂತ ಮೇಲೂ ಊರು ಬಿಡದ ಜನ ಎಂದರೆ ಎಂಥವರು ಎಂದು ಯೋಚಿಸಿ ಕುಬ್ಜರನ್ನು ಕಟ್ಟಿ. ನಗಿಸುವುದಕ್ಕೆಂದು ಬೇರೆಯವರ ಉಚ್ಚಾರಣೆ ಅಣಕಿಸುವುದು ಮಾತ್ರ ಕೂಡದು.

ಇಬ್ಬರು ಎನ್‌ಪಿಸಿ ತಮ್ಮತಮ್ಮಲ್ಲೇ ಮಾತಾಡ್ಬೇಕಾದ್ರೆ?

ಎರಡು ಸಾಲಿನಲ್ಲಿ ಹೇಳಿ ಮುಗಿಸಿ: 'ಅಣ್ಣತಮ್ಮ ಇಬ್ಬರೂ ಬದುವಿನ ವಿಷಯಕ್ಕೆ ಜೋರು ಮಾಡ್ತಿದ್ದಾರೆ.' ನೀವೊಬ್ಬರೇ ಎರಡೂ ಕಡೆ ಮಾತಾಡುತ್ತಿದ್ದರೆ ಉಳಿದವರು ಫೋನ್ ತೆಗೆಯುತ್ತಾರೆ.

## ಅಂಕಿ ಮತ್ತು ದಾಳ

ಎಲ್ಲ ಊರವರಿಗೂ ಸ್ಟ್ಯಾಟ್ಸ್ ಬರೀಬೇಕಾ?

ಬೇಕಾಗಿಲ್ಲ. ಐದನೇ ಆವೃತ್ತಿಯಲ್ಲಿ ಸಾಮಾನ್ಯ ಮನುಷ್ಯನ ಅಂಕಿ ಬಾಯಿಪಾಠ ಮಾಡಿಕೊಳ್ಳುವಷ್ಟು ಸುಲಭ: ಬಲ, ವಿವೇಕ ಮುಂತಾದ ಆರೂ ಗುಣಕ್ಕೆ 10, ಆರ್ಮರ್ ಕ್ಲಾಸ್ (ಏಟು ತಗುಲಲು ಎದುರಾಳಿಯ ದಾಳ ಮುಟ್ಟಬೇಕಾದ ಅಂಕಿ) 10, ಹಿಟ್ ಪಾಯಿಂಟ್ (ಎಷ್ಟು ಏಟು ತಾಳಬಲ್ಲ ಎಂಬ ಅಂಕಿ) 4. ಕಾವಲಿನವನಿಗೆ ಆರ್ಮರ್ ಕ್ಲಾಸ್ 16, ಹಿಟ್ ಪಾಯಿಂಟ್ 11. ಇವೆರಡೇ ಇಟ್ಟುಕೊಂಡು ಒಂದು ಊರು ನಡೆಸಬಹುದು. ಮೂಲ ನಿಯಮಗಳ ಕಡತ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದಿದೆ, ದುಡ್ಡು ಕೊಡದೆ ಇಳಿಸಿಕೊಂಡು ಓದಬಹುದು.

ಅದರ ಮೇಲೆ, ಅವರ ಕಸುಬಿನಲ್ಲಿ ಮಾತ್ರ ಒಂದು ಅಂಕಿ ಏರಿಸಿ. ಗುಣದ ಅಂಕಿಯಿಂದ 10 ಕಳೆದು ಅರ್ಧ ಮಾಡಿದರೆ ದಾಳಕ್ಕೆ ಕೂಡುವ ಮೊತ್ತ ಸಿಗುತ್ತದೆ. ನಂಜಮ್ಮನ ವಿವೇಕ 14, ಅಂದರೆ +2. ಕಸುಬಿನ ಪಳಗಿಕೆಗೆ ಇನ್ನೊಂದು +2. ಹುಳಕ್ಕೆ ಹಾಲುತೊಂಡೆ ರೋಗ ಬಂದಿದೆಯೋ, ಸುಣ್ಣಕಟ್ಟು ರೋಗ ಬಂದಿದೆಯೋ ಎಂದು ಗುರುತಿಸುವುದರಲ್ಲಿ ಆಟಗಾರರ ಮಂತ್ರವಾದಿಗಿಂತ ಅವಳೇ ಮೇಲು. ಹಾಗೇ ಇರಬೇಕು.

ಒಬ್ಬ 20 ಹಾಕ್ಬಿಟ್ಟು 'ರಾಜ ನನಗೆ ಕಿರೀಟ ಕೊಡ್ಲಿ' ಅಂತಾನೆ. ಕೊಡ್ಬೇಕಾ?

ಕೊಡಬೇಕಾಗಿಲ್ಲ. ಐದನೇ ಆವೃತ್ತಿಯ ನಿಯಮದಲ್ಲಿ, ಇಪ್ಪತ್ತು ಮುಖದ ದಾಳ ಹಾಕಿ 20 ಬಿದ್ದರೆ ತಾನಾಗಿಯೇ ಗೆಲ್ಲುವುದು ಹೊಡೆದಾಟದ ಏಟಿಗೆ ಮಾತ್ರ. ಮನವೊಲಿಸುವ ದಾಳಕ್ಕೆ ಆ ಮಾತಿಲ್ಲ. ಸುಲಭದ್ದಕ್ಕೆ 10, ನಡುವಿನದ್ದಕ್ಕೆ 15, ಕಷ್ಟದ್ದಕ್ಕೆ 20 ಎಂಬ ಗುರಿ ಇಟ್ಟು ಹಾಕಿಸುತ್ತೇವೆ. ಆದರೆ ದಾಳ ಕೈಗೆ ತೆಗೆದುಕೊಳ್ಳುವ ಮೊದಲೇ ಒಂದು ತೀರ್ಮಾನ ನಿಮ್ಮಲ್ಲಿರಬೇಕು: ಈ ಪಾತ್ರ ಏನೇ ಆದರೂ ಬಿಟ್ಟುಕೊಡದ ವಸ್ತು ಯಾವುದು? ರಾಜನಿಗೆ ಅದು ಕಿರೀಟ. 20 ಬಿದ್ದರೆ ಅವನು ಸಿಟ್ಟಾಗುವ ಬದಲು ನಕ್ಕು, ಇಂಥ ಧೈರ್ಯದವನು ನನ್ನ ದಂಡಿನಲ್ಲಿರಲಿ ಅಂದಾನು. ಬಿಟ್ಟುಕೊಡದ್ದಕ್ಕೆ ದಾಳವನ್ನೇ ಹಾಕಿಸಬೇಡಿ ಎನ್ನುವವರೂ ಇದ್ದಾರೆ. ನಾನು ಹಾಕಿಸುತ್ತೇನೆ, ಆದರೆ ಎಷ್ಟರ ಮಟ್ಟಿಗೆ ಸಿಗಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ.

ಒಂದೂರಿಗೆ ಎಷ್ಟು ಜನ ಬೇಕು?

ಐದು ಜನ ಸಾಕು. ಅವರಲ್ಲಿ ಇಬ್ಬರಿಗೆ ಒಬ್ಬರನ್ನೊಬ್ಬರು ಕಂಡರೆ ಆಗಬಾರದು.

## ಆಟ ಪಳಗಿದ ಮೇಲೆ

ನಾನು ಬರ್ದಿಟ್ಟ ಮಂತ್ರಿನ ಬಿಟ್ಟು, ದಾರೀಲಿ ಸಿಕ್ಕ ಎಳನೀರು ಮಾರೋನ ಹಿಂದೆ ಬೀಳ್ತಾರೆ. ಬೇಜಾರಾಗುತ್ತೆ.

ಬೇಜಾರು ಅರ್ಥವಾಗುತ್ತದೆ. ಆದರೆ ಅವರು ನಿಮ್ಮ ನಾಡನ್ನು ನಂಬಿದ್ದಾರೆ, ಅದಕ್ಕೇ ಎಳನೀರಿನವನಲ್ಲೂ ಕತೆ ಇದೆ ಎಂದು ಹೋಗುತ್ತಿದ್ದಾರೆ. ಮಂತ್ರಿಗೆಂದು ಬರೆದ ಗುಟ್ಟನ್ನು ಎತ್ತಿ ಎಳನೀರಿನವನಿಗೆ ಕೊಟ್ಟುಬಿಡಿ. ಅರಮನೆಗೆ ದಿನಾ ಎಳನೀರು ಹೊರುವವನು ಮಂತ್ರಿ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿರಬಹುದಲ್ಲ? ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಯಾರಿಗೂ ಇಡದ ಹತ್ತು ಹೆಸರು, ಹತ್ತು ತುರ್ತು ಯಾವಾಗಲೂ ಇರುತ್ತವೆ: ಎತ್ತು ಕುಂಟುತ್ತಿದೆ, ಮಗಳ ಮನೆಯಿಂದ ಸುದ್ದಿ ಬಂದಿಲ್ಲ, ಕೊಟ್ಟ ಸಾಲ ಇವತ್ತೇ ವಸೂಲಾಗಬೇಕು. ಹೊಸಬರು ಎದುರಾದಾಗ ಒಂದು ಹೆಸರು, ಒಂದು ತುರ್ತು ಜೋಡಿಸಿ ಗೀಟು ಹಾಕುತ್ತೇನೆ.

ವಿಲನ್ ಬರೀ ಕೆಟ್ಟವನಾಗಿಬಿಡ್ತಾನೆ. ಹೊಡೆದು ಸಾಯಿಸಿದ್ರೆ ಕತೆ ಮುಗೀತು. ತೂಕ ಬರಿಸೋದು ಹೇಗೆ?

ಅವನಿಗೂ ತುರ್ತು ಕೊಡಿ, ಅದು ನ್ಯಾಯವಾದ ತುರ್ತಾಗಿರಲಿ. ನಮ್ಮ ಜಿಲ್ಲೆಗಳಲ್ಲಿ ಹೊಳೆಗಿಂತ ಕೆರೆಯ ಮಾತೇ ಹೆಚ್ಚು, ಆದ್ದರಿಂದ ನನ್ನ ವಿಲನ್ ಕೆರೆಯಿಂದ ಬಂದ.

ಪಾಳೇಗಾರ ಚಿಕ್ಕರಾಯ ಕೆರೆಗೆ ಬರುವ ಕಾಲುವೆಗೆ ಅಡ್ಡ ಕಟ್ಟೆ ಹಾಕಿಸಿದ್ದಾನೆ. ಕೆರೆ ತುಂಬುವುದಿಲ್ಲ, ಅಚ್ಚುಕಟ್ಟು ಒಣಗಿದೆ, ಜನ ಗುಳೆ ಹೋಗುತ್ತಿದ್ದಾರೆ. ಆಟಗಾರರಿಗೆ ಕಂಡದ್ದು ಇಷ್ಟು. ನಾನು ಬರೆದಿಟ್ಟದ್ದು: ಕೆರೆ ಏರಿ ಒಳಗೊಳಗೇ ಬಿರುಕು ಬಿಟ್ಟಿದೆ. ಚಿಕ್ಕರಾಯ ಹುಡುಗನಾಗಿದ್ದಾಗ ಒಮ್ಮೆ ಏರಿ ಒಡೆದು ಕೆಳಗಿನ ಹಳ್ಳಿ ಕೊಚ್ಚಿಹೋಗಿತ್ತು, ಅವನ ತಂಗಿ ಆ ಹಳ್ಳಿಯಲ್ಲಿದ್ದಳು. ಬಿರುಕಿನ ವಿಷಯ ಹೊರಬಿದ್ದರೆ ಯಾರೂ ಕಂದಾಯ ಕಟ್ಟುವುದಿಲ್ಲ, ಕಂದಾಯ ಇಲ್ಲದೆ ಏರಿ ಕಟ್ಟಿಸಲು ಆಗುವುದಿಲ್ಲ. ಅದಕ್ಕೆ ಬಾಯಿ ಮುಚ್ಚಿದ್ದಾನೆ.

ಸುಳಿವು ಇಟ್ಟದ್ದು ನೀರಗಂಟಿ ದಾಸಪ್ಪನ ಹತ್ತಿರ. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುವವನು ಅವನೇ. ಅವನು ಆಟಗಾರರಿಗೆ ಹೇಳಿದ್ದು ಒಂದೇ ಮಾತು: 'ಏರಿ ಬುಡದಲ್ಲಿ ಜಿನುಗೋ ನೀರು ತಿಳಿಯಾಗಿದ್ರೆ ಹೆದರಬ್ಯಾಡಿ ಅಂತಿದ್ದ ನಮ್ಮಪ್ಪ. ಈಗ ಕೆಂಪಗೆ ಬತ್ತಾ ಐತೆ.' ಕೆಂಪಗೆ ಬರುತ್ತಿದೆ ಎಂದರೆ ನೀರು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ. ಆಟಗಾರರು ಈ ಮಾತನ್ನು ಬರೆದುಕೊಂಡರು, ಏನೆಂದು ತಿಳಿಯಲಿಲ್ಲ. ರಾತ್ರೋರಾತ್ರಿ ಕಟ್ಟೆ ಒಡೆದು ಕಾಲುವೆಗೆ ನೀರು ಬಿಟ್ಟರು, ಊರು ಕುಣಿಯಿತು. ಮೂರನೇ ಮಳೆಗೆ ಕೆರೆ ಕೋಡಿ ಬಿದ್ದ ದಿನ, ಮರಳಿನ ಚೀಲ ಹೊತ್ತು ಏರಿ ಮೇಲೆ ಓಡಿ ಬಂದವರಲ್ಲಿ ಮೊದಲಿಗ ಚಿಕ್ಕರಾಯ. ಆಟಗಾರರೂ ಚೀಲ ಹೊತ್ತರು. ಆ ರಾತ್ರಿ ಯಾರೂ ಅವನ ಮೇಲೆ ಕತ್ತಿ ಎತ್ತಲಿಲ್ಲ.

ಬಲವಾದ ಎನ್‌ಪಿಸಿ ಒಬ್ಬನ್ನ ಗುಂಪಿನ ಜತೆ ಕಳಿಸಬಹುದಾ?

ನಾನು ಕಳಿಸಿ ತಪ್ಪು ಮಾಡಿದ್ದೇನೆ. ಮೊದಲ ವರ್ಷ ಒಬ್ಬ ಹಳೇ ಸೈನಿಕನನ್ನು ಜತೆಗೆ ಕೊಟ್ಟೆ. ಅವನ ಮೇಲೆ ನನಗೆ ತುಂಬ ಪ್ರೀತಿ ಇತ್ತು, ಎಲ್ಲ ಬೀಗವನ್ನೂ ಅವನೇ ತೆಗೆದ, ಎಲ್ಲ ಒಗಟನ್ನೂ ಅವನೇ ಬಿಡಿಸಿದ. ಆರನೇ ವಾರಕ್ಕೆ ಆಟಗಾರರು ಮಾತೇ ಕಡಿಮೆ ಮಾಡಿದರು. ಒಬ್ಬ ಬರುವುದನ್ನೇ ಬಿಟ್ಟ, ಅವನನ್ನು ಮತ್ತೆ ಕರೆತರಲು ಎರಡು ತಿಂಗಳು ಹಿಡಿಯಿತು. ಜತೆಗೆ ಬರುವವರು ದಾರಿ ತೋರಿಸಲಿ, ಗಾಡಿ ಹೊಡೆಯಲಿ, ಗಾಯಕ್ಕೆ ಸೊಪ್ಪು ಅರೆಯಲಿ. ತೀರ್ಮಾನ ಮಾತ್ರ ಆಟಗಾರರದ್ದೇ ಆಗಿರಲಿ.

ನಮ್ಮೂರ ದೇವತೆಯನ್ನ ಆಟದೊಳಗೆ ಪಾತ್ರವಾಗಿ ತರಬಹುದಾ?

ಜನ ಕೈಮುಗಿಯುವ ದೇವತೆಗೆ ಹಿಟ್ ಪಾಯಿಂಟ್ ಬರೆಯಲು ನನ್ನ ಕೈ ಬರುವುದಿಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಹರಕೆ ಹೊತ್ತರೆ ಚೇಳು ಕಚ್ಚುವುದಿಲ್ಲ ಎಂದು ನಂಬಿ ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕುವವರು ಇವತ್ತಿಗೂ ಇದ್ದಾರೆ. ಅಲ್ಲಿಂದ ನಾನು ತೆಗೆದುಕೊಂಡದ್ದು ಆ ನಂಬಿಕೆಯ ಬಗೆಯನ್ನು: ಕಚ್ಚುವ ಪ್ರಾಣಿಯನ್ನೇ ತಾಯಿ ಎಂದು ಕರೆದು ಕಾಪಾಡು ಎನ್ನುವುದು. ನಮ್ಮ ಕರಿಬಂಡೆಯಲ್ಲಿ ಹೆಸರು ಬೇರೆ, ಗುಡಿ ಬೇರೆ. ದೇವತೆ ಎಂದೂ ಮಾತಾಡುವುದಿಲ್ಲ, ಪೂಜಾರಮ್ಮ ಮಾತಾಡುತ್ತಾಳೆ.

ವರ್ಷಗಟ್ಟಲೆ ನಡೆಯೋ ಆಟದಲ್ಲಿ ಹಳೇ ಪಾತ್ರಗಳನ್ನ ಏನ್ಮಾಡೋದು?

ನೀವು ನೋಡದಿದ್ದಾಗಲೂ ಅವರ ದಿನಗಳು ನಡೆದಿರುತ್ತವೆ. ಪ್ರತಿ ಆರು ಆಟಕ್ಕೊಮ್ಮೆ ಹಳೇ ಪಟ್ಟಿ ತೆಗೆದು, ಒಬ್ಬೊಬ್ಬರ ತುರ್ತು ಏನಾಯಿತು ಎಂದು ಒಂದು ಸಾಲು ಬರೆಯುತ್ತೇನೆ. ಕಾವಲಿನವನಿಗೆ ಬಡ್ತಿ ಸಿಕ್ಕಿತು, ಈಗ ಅವನು ಬಾಗಿಲಲ್ಲಿ ಸಿಗುವುದಿಲ್ಲ. ಎಳನೀರಿನವನು ಊರು ಬಿಟ್ಟ. ನಂಜಮ್ಮನ ಎರಡು ಬೆಳೆ ಸುಣ್ಣಕಟ್ಟಿಗೆ ಹೋಯಿತು.

ಎರಡು ವರ್ಷದ ಮೇಲೆ ಆಟಗಾರರು ಅವಳ ಮನೆಗೆ ಮತ್ತೆ ಹೋದರು, ಈ ಸಲ ಕೇಳುವುದೇನೂ ಇರಲಿಲ್ಲ, ದಾರಿಯಲ್ಲಿತ್ತು ಅಷ್ಟೇ. ಹುಳದ ಮನೆ ತೊಳೆದು ಸುಣ್ಣ ಬಳಿದಿತ್ತು, ತಟ್ಟೆಗಳು ಬಿಸಿಲಿಗೆ ಒರಗಿದ್ದವು, ಖಾಲಿ ಚಂದ್ರಿಕೆಗಳು ಗೋಡೆಗೆ ನಿಂತಿದ್ದವು. ಶಿಡ್ಲಘಟ್ಟದ ಹುಡುಗಿ ಯಾರನ್ನೂ ಕೇಳದೆ ತನ್ನ ಚೀಲದಲ್ಲಿದ್ದ ಚಿನ್ನದ ನಾಣ್ಯಗಳನ್ನೆಲ್ಲ ಜಗಲಿ ಮೇಲೆ ಸುರಿದಳು, ಮೊಟ್ಟೆ ತಂದು ಮತ್ತೆ ಚಾಕಿ ಕಟ್ಟು, ಮರಿಹುಳ ಸಾಕು ಅಂತ. ನಂಜಮ್ಮ ಅದರಲ್ಲಿ ಒಂದನ್ನು ತೆಗೆದುಕೊಂಡು ಮಿಕ್ಕದ್ದನ್ನು ಹಿಂದಕ್ಕೆ ತಳ್ಳಿದಳು. 'ಒಂದು ಸಾಕು ಕಣೇ. ಹಣ್ಣಾಗೋ ದಿನಕ್ಕೆ ಬಾ' ಅಂದಳು. ಅಲ್ಲಿಯವರೆಗೆ ನಂಜಮ್ಮ ಆ ಹುಡುಗಿಯನ್ನು ಸಾಮಿ ಎಂದೇ ಕರೆಯುತ್ತಿದ್ದಳು.